ಕಡಲಹಕ್ಕಿಯ ಅಳತೆ

ನಮ್ಮ ಅಧ್ಯಕ್ಷರು ರಷ್ಯಾದವರ ಬಗ್ಗೆ ಏನು ಯೋಚನೆ ಮಾಡುತ್ತಿದ್ದಾರೆ ಎಂದು ತಿಳಿಯಲು ನಾನು ಯಾವತ್ತೂ ಪತ್ರಿಕೆ ಬಿಡಿಸಿದವಳಲ್ಲ. ನನ್ನ ಗಂಡ ಥೇನ್ ಊಟಕ್ಕೆ ಎಷ್ಟು ಹೊತ್ತಿಗೆ ಬಂದ ಎಂದು ನೋಡಿದರೆ ಸಾಕಿತ್ತು. ಅಧ್ಯಕ್ಷರು ಟಿವಿಯಲ್ಲಿ ಮುಷ್ಟಿ ಬಿಗಿದು ಮಾತಾಡಿದ ವರ್ಷ ಕಾರ್ಖಾನೆಯಲ್ಲಿ ಓವರ್‌ಟೈಮು. ಒಲೆಯಲ್ಲಿಟ್ಟ ಆಲೂಗಡ್ಡೆ ಒಣಗಿ ಹಪ್ಪಳವಾದ ಮೇಲೆ ಗಂಡನ ಮುಖದರ್ಶನ. ಅಧ್ಯಕ್ಷರು ನಗುನಗುತ್ತಾ ಕೈಕುಲುಕಿದ ವರ್ಷ ಐದು ಗಂಟೆಗೆಲ್ಲ ಮನೆಯಲ್ಲಿ ಹಾಜರು. ನಾನು ಟೊಮೆಟೊ ಗಿಡಕ್ಕೆ ಕಟ್ಟಿದ ಕೋಲು ಸೊಟ್ಟಗಿದೆ ಎಂದು ತಕರಾರು. ಎಷ್ಟು ಅಧ್ಯಕ್ಷರು ಬಂದರೋ, ಎಷ್ಟು ಜನ ಹೋದರೋ, ವಿದೇಶಾಂಗ ನೀತಿ ಎಂದರೆ ನನಗೆ ಒಂದೋ ಆರಿದ ಊಟ, ಇಲ್ಲವೇ ಗಂಡನ ಕಾಟ. ಎರಡೂ ಪಕ್ಷದ ಅಧ್ಯಕ್ಷರನ್ನು ನಾನು ಸಮನಾಗಿ ಬೈದಿದ್ದೇನೆ.

ಅಮೆರಿಕದ ಯೂಟಾ ರಾಜ್ಯದ ಉಪ್ಪುಕೆರೆಯ ಈಚೆ ಬದಿಯಲ್ಲಿ ನಮ್ಮ ಟಿಂಬ್ರೆಲ್ ಊರು. ಗುಡ್ಡದ ಬುಡದಲ್ಲಿ ಕಾರ್ಖಾನೆ. ಅಲ್ಲಿ ಥೇನ್ ಮಾಡುತ್ತಿದ್ದದ್ದು ಅಣ್ವಸ್ತ್ರ ಹೊತ್ತು ಹಾರುವ ಕ್ಷಿಪಣಿಯ ಹೊಟ್ಟೆ, ಎಂದರೆ ಇಂಧನ ತುಂಬುವ ದೊಡ್ಡ ಕೊಳವೆ. ಅದರ ತುದಿಯಲ್ಲಿ ಕೂರುವ ಸಿಡಿತಲೆ ಬೇರೆ ಯಾವುದೋ ಊರಿನಿಂದ ಬರುತ್ತಿತ್ತಂತೆ. ಒಳಗೆ ಏನು ಮಾಡುತ್ತೇವೆಂದು ಹೊರಗೆ ಬಾಯಿ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿಯೇ ಎಲ್ಲರೂ ಕೆಲಸಕ್ಕೆ ಸೇರುವುದು. ಊರಿಗೆಲ್ಲ ಗೊತ್ತಿತ್ತು, ಆದರೆ ಯಾರೂ ಆಡುತ್ತಿರಲಿಲ್ಲ. ನಿಜವಾಗಿ ಗೊತ್ತಿಲ್ಲದವಳು ಒಬ್ಬಳೇ, ಥೇನನ ತಾಯಿ ವೆರ್ಡಾ. ಕೆಲಸಕ್ಕೆ ಸೇರಿದ ದಿನ ಅವಳು, "ಅಲ್ಲೇನೋ ಮಾಡ್ತೀಯ?" ಎಂದು ಕೇಳಿದಾಗ, ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಗಂಡ ಎದುರಿಗೆ ಕಣ್ಣಿಗೆ ಬಿದ್ದದ್ದರ ಹೆಸರು ಹೇಳಿಬಿಟ್ಟ: "ಬಾಯ್ಲರು, ಅಮ್ಮ."

ಅಲ್ಲಿಂದ ಶುರುವಾಯಿತು. ಚರ್ಚಿನಲ್ಲಿ, ಅಂಗಡಿಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗಲೂ ಅತ್ತೆಯದು ಒಂದೇ ರಾಗ: "ನನ್ ಮಗ ಬಾಯ್ಲರ್ ಮಾಡ್ತಾನೆ. ಆದ್ರೆ ನಮ್ಮನೆ ಬಾಯ್ಲರ್ ಕೆಟ್ಟು ಕೂತ್ರೆ ಬಂದು ನೋಡಲ್ಲ!" ಥೇನ್ ಕಿವಿ ಕೆಂಪಗೆ ಮಾಡಿಕೊಂಡು ನಿಲ್ಲುತ್ತಿದ್ದ. ಪಾಪ, ಅವನಿಗೆ ಬಾಯ್ಲರಿನ ತಲೆಬುಡ ಗೊತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ನಾನೊಮ್ಮೆ ನೇರವಾಗಿ ಕೇಳಿದ್ದೆ, ಇಷ್ಟೆಲ್ಲ ಮಾಡಿ ಇಡುವುದು ಯಾಕೆ ಎಂದು.

"ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಆರ್ಡಿತ್," ಎಂದ. "ನಾನು ಕೋಲು ಮಾಡೋನು. ಕೋಲು ನೋಡ್ಕೊಂಡು ಹಾವು ಬಿಲದಲ್ಲೇ ಇದ್ರೆ ನನ್ ಕೆಲಸ ಸರಿಯಾಗಿ ಆಯ್ತು ಅಂತ."

"ಅಲ್ಲಿ ಕೂತಿರೋರೂ ಹಂಗೇ ಅಂದ್ಕೊಂಡಿದ್ರೆ? ನಾವೇ ಹಾವು, ಅವ್ರ ಕೈಲಿರೋದು ಕೋಲು ಅಂತ?"

"ಅಂದ್ಕೊಂಡೇ ಇರ್ತಾರೆ. ಅದಕ್ಕೇ ಕಣೇ ಇಬ್ರೂ ಇನ್ನೂ ಬದುಕಿರೋದು."

ಈ ಕೆಲಸದ ತೊಂದರೆ ಏನು ಗೊತ್ತೇ? ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಪಕ್ಕದ ಮನೆಯವನು ಕುದುರೆಗೆ ಜೀನು ಹೊಲಿಯುತ್ತಾನೆ. ಅದರ ಮೇಲೆ ಕೂತವರು ಹೊಗಳುತ್ತಾರೆ. ನಾನು ಜಾಮ್ ಮಾಡಿದರೆ ಬೀದಿಯವರೆಲ್ಲ ಬೆರಳು ನೆಕ್ಕುತ್ತಾರೆ. ಥೇನ್ ತನ್ನ ಜೀವಮಾನದ ಕೆಲಸವನ್ನು ನೆಲದಡಿಯ ಗುಂಡಿಗೆ ಕಳಿಸಿ, ಅದು ಯಾವತ್ತೂ ಹೊರಗೆ ಬಾರದಿರಲಿ ಎಂದು ಪ್ರಾರ್ಥನೆ ಮಾಡಿ ಮಲಗುತ್ತಿದ್ದ. ಎಲೆಮರೆಯ ಕಾಯಿ ಎನ್ನುತ್ತಾರಲ್ಲ, ಇವನು ಎಲೆಯೂ ಕಾಣದ ಕಾಯಿ. ಹೇಳಿಕೊಂಡು ಅಳುವವನಲ್ಲ. ಆದರೆ ಪ್ರತಿ ಜುಲೈಯಲ್ಲಿ, ಊರು ಕಟ್ಟಿದ ಹಿರಿಯರ ನೆನಪಿನ ಪಯನಿಯರ್ ಹಬ್ಬದ ಮೆರವಣಿಗೆ ನೋಡುವಾಗ, ಬೇರೆಯವರು ಕಟ್ಟಿದ ಸ್ತಬ್ಧಚಿತ್ರಗಳಿಗೆ ಜನ ಕೈ ತಟ್ಟುವಾಗ, ಅವನ ಮುಖ ನೋಡಿದವಳು ನಾನು.

ಹೀಗಿರುವಾಗ, ರಷ್ಯಾದವರನ್ನು ದುಷ್ಟರು ಎಂದು ಕರೆದ ಅಧ್ಯಕ್ಷರೇ ಹೋಗಿ ಅವರೊಂದಿಗೆ ಕೂತು ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಒಂದು ಬಗೆಯ ಕ್ಷಿಪಣಿಗಳನ್ನು ಎರಡೂ ಕಡೆಯವರು ಪೂರ್ತಿ ನಾಶ ಮಾಡಬೇಕಂತೆ. ಆ ಪಟ್ಟಿಯಲ್ಲಿ ಥೇನನದೂ ಇತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಮತ್ತೆ ಹೊಸದು ಮಾಡಿ ಕದ್ದು ಸಾಗಿಸುತ್ತಾರೋ ಎಂದು ನೋಡಲು ನಮ್ಮವರು ಅವರ ಕಾರ್ಖಾನೆಯ ಗೇಟಿನಲ್ಲಿ, ಅವರ ಕಡೆಯವರು ನಮ್ಮ ಕಾರ್ಖಾನೆಯ ಗೇಟಿನಲ್ಲಿ ಕೂರುವುದೆಂದು ಏರ್ಪಾಡಾಯಿತು. ನಿಜವಾದ ಕಮ್ಯುನಿಸ್ಟರು ಟಿಂಬ್ರೆಲ್ಲಿಗೆ ಬಂದು ಬಾಡಿಗೆ ಮನೆ ಹಿಡಿದರು! ಅತ್ತೆಯ ಲೆಕ್ಕದಲ್ಲಿ ಮಾತ್ರ ಅವರೂ ಬಾಯ್ಲರು ನೋಡಲು ಬಂದವರೇ.

ಅವರ ಮುಖ್ಯಸ್ಥ ಗ್ರುಜ್ದೇವ್, ಪೊದೆಹುಬ್ಬಿನ ದಪ್ಪ ಮನುಷ್ಯ. ಬಂದ ವಾರದಲ್ಲೇ ನಮ್ಮೂರ ಅಂಗಡಿಯಲ್ಲಿ ದನಗಾಹಿಗಳ ಹುಲ್ಲಿನ ಟೊಪ್ಪಿ ಕೊಂಡು ಹಾಕಿಕೊಂಡ, ಆಮೇಲೆ ತೆಗೆಯಲೇ ಇಲ್ಲ. ಅವನಿಗೆ ದುಭಾಷಿ ವಾಡಿಮ್ ಎಂಬ ಸಣಕಲ. ಈ ವಾಡಿಮ್ ನಮ್ಮ ಮಾತನ್ನು ಹಳೆಯ ಪುಸ್ತಕಗಳಿಂದ ಕಲಿತಿದ್ದನಾದ್ದರಿಂದ ಅವನು ಬಾಯಿ ಬಿಟ್ಟರೆ ಪಠ್ಯಪುಸ್ತಕ ಎದ್ದು ಬಂದು ಮಾತಾಡಿದ ಹಾಗಿರುತ್ತಿತ್ತು. ಚರ್ಚಿನ ಹೆಂಗಸರು ಸ್ವಾಗತಕ್ಕೆಂದು ಹಸಿರು ಜೆಲ್ಲಿಯಲ್ಲಿ ಕ್ಯಾರೆಟ್ ತುರಿ ಹಾಕಿ ತೆಗೆದುಕೊಂಡು ಹೋದಾಗ ಅವನು ಅದು ಅಲ್ಲಾಡುವುದನ್ನೇ ನೋಡಿ ಕೇಳಿದ: "ಮಾನ್ಯರೇ, ಇದು ಆಹಾರವೋ, ಅಥವಾ ಅಲಂಕಾರಕ್ಕಾಗಿ ಇಟ್ಟದ್ದೋ?" ಜೆಲ್ಲಿ ನನ್ನದೇ. ನಾನು ಕ್ಷಮಿಸಿದೆ.

ಊರೆಲ್ಲ ಅವರನ್ನು ಊಟಕ್ಕೆ ಕರೆದರೂ ಥೇನ್ ಮಾತ್ರ ಗೇಟಿನಲ್ಲಿ ತಲೆ ತಗ್ಗಿಸಿ ದಾಟುತ್ತಿದ್ದ. ಇನ್ನೂ ದ್ವೇಷವೇ ಎಂದು ಕೇಳಿದೆ.

"ದ್ವೇಷ ಅಲ್ವೇ, ನಾಚಿಕೆ," ಎಂದ. "ಇಷ್ಟು ವರ್ಷ ಯಾರನ್ನ ಹೆದ್ರಿಸಕ್ಕೆ ದುಡಿದ್ನೋ ಅವ್ರಿಗೆ ಬೆಳಗ್ಗೆ ಎದ್ದು ‘ಹೇಗಿದೀರಿ’ ಅಂತ ಹೆಂಗೆ ಕೇಳ್ಲಿ?"

ಒಪ್ಪಂದದಿಂದ ಒಂದು ಒಳ್ಳೆಯದಾಯಿತು. ಗುಟ್ಟೇ ಉಳಿಯದ ಮೇಲೆ ಗುಟ್ಟಿನ ಬಿಗಿಯೂ ಸಡಿಲವಾಯಿತು. ಕಾರ್ಖಾನೆಯವರೂ ಈ ಸಲ ಮೆರವಣಿಗೆಗೆ ಒಂದು ಗಾಡಿ ತರಬಹುದು ಎಂದು ಮೇಲಿನವರು ಒಪ್ಪಿದರು. ಕೆಲಸ ನಿಂತುಹೋದ ಶೆಡ್ಡೊಂದನ್ನು ಬಿಟ್ಟುಕೊಟ್ಟರು. ಯಾರು ಮಾಡುತ್ತೀರಿ ಎಂದು ಕೇಳಿ ಮುಗಿಯುವ ಮೊದಲೇ ಥೇನ್ ಕೈ ಎತ್ತಿದ್ದನಂತೆ. ಆ ಬೇಸಿಗೆ ಕಳೆದರೆ ಅವನು ನಿವೃತ್ತ. ಅತ್ತೆಗೆ ಎಂಬತ್ತೆಂಟು.

"ಒಂದ್ಸಲ ಆರ್ಡಿತ್," ಎಂದ, ಮರದ ಹೊಟ್ಟು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು. "ಒಂದೇ ಸಲ ನಾನು ಮಾಡಿದ್ದು ಬೀದೀಲಿ ಹೋಗ್ಬೇಕು. ಅಮ್ಮ ನೋಡ್ಬೇಕು. ಜನ ಚಪ್ಪಾಳೆ ಹೊಡೀಬೇಕು. ಆಮೇಲೆ ಬೇಕಾದ್ರೆ ನಿನ್ ಟೊಮೆಟೊ ಗಿಡಕ್ಕೆ ಕೋಲು ಕಟ್ಕೊಂಡು ಕೂತಿರ್ತೀನಿ."

ಅವನು ಆರಿಸಿಕೊಂಡದ್ದು ಕಡಲಹಕ್ಕಿ. ನಮ್ಮ ಹಿರಿಯರು ಈ ಕಣಿವೆಗೆ ಬಂದು ಬಿತ್ತಿದ ಮೊದಲ ಬೆಳೆಗೆ ಮಿಡತೆ ಮುತ್ತಿದಾಗ ಎಲ್ಲಿಂದಲೋ ಕಡಲಹಕ್ಕಿಗಳು ಬಂದು ಮಿಡತೆ ತಿಂದು ಜೀವ ಉಳಿಸಿದವಲ್ಲ, ಅದು. "ಹೆದ್ರಿಸಿ ಓಡ್ಸಿದ್ವು," ಎನ್ನುತ್ತಾನೆ ಥೇನ್. "ಹೆದ್ರಿಸಿದ್ದಲ್ಲ ಕಣೋ, ನುಂಗಿದ್ದು," ಎನ್ನುತ್ತಾಳೆ ಅತ್ತೆ. ಈ ಜಗಳ ನಮ್ಮ ಮನೆಯಲ್ಲಿ ಮದುವೆಯ ವರ್ಷದಿಂದ ನಡೆದಿದೆ. ನಡೆಯಲಾರದ ಅತ್ತೆ ತಾನೂ ಮೆರವಣಿಗೆಗೆ ಬರುವೆನೆಂದು ಹಟ ಹಿಡಿದದ್ದರಿಂದ ಥೇನ್ ಹಕ್ಕಿಯ ಹೊಟ್ಟೆಯೊಳಗೇ ಮೆತ್ತನೆಯ ಕುರ್ಚಿ ಹಾಕಿದ. ಅಲ್ಲಿ ಕೂತು ಅವಳು ಕೊಕ್ಕಿನೊಳಗಿಂದ ಮಕ್ಕಳಿಗೆ ಮಿಠಾಯಿ ಎರಚುವುದೆಂದು ತೀರ್ಮಾನವಾಯಿತು.

ಹಬ್ಬದ ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದು ತಲೆಯೆತ್ತಿ ನೋಡಿದೆ. ಬೆಳ್ಳಗೆ ಹೊಳೆಯುವ ಉದ್ದನೆಯ ಹಕ್ಕಿ, ಚಾಚಿದ ರೆಕ್ಕೆ, ಒಂದೊಂದು ಗರಿಯೂ ಬೇರೆ ಬೇರೆ ಕೊಯ್ದದ್ದು. ನಾನು ಸುಮ್ಮಸುಮ್ಮನೆ ಹೊಗಳುವವಳಲ್ಲ. ಆ ಹಕ್ಕಿ ಚೆಂದವಿತ್ತು. ಅತ್ತೆಯನ್ನು ಎತ್ತಿ ಒಳಗೆ ಕೂರಿಸಿ, ಬಾಗಿಲು ಮುಚ್ಚಿ, ಟ್ರಾಕ್ಟರಿಗೆ ಗಾಡಿ ಕಟ್ಟಿ ಗೇಟಿಗೆ ಬಂದೆವು. ಅಲ್ಲಿ ಪ್ರೂಯಿಟ್ ಕೈ ಅಡ್ಡ ಹಿಡಿದು ನಿಂತ.

ಪ್ರೂಯಿಟ್ ವಾಷಿಂಗ್ಟನ್ನಿನಿಂದ ಬಂದ ಅಧಿಕಾರಿ. ರಷ್ಯಾದವರು ಎಲ್ಲಿ ಹೋದರೂ ಜೊತೆಗಿರುವುದು, ಒಪ್ಪಂದಕ್ಕೆ ಚ್ಯುತಿ ಬಾರದಂತೆ ನೋಡಿಕೊಳ್ಳುವುದು ಅವನ ಕೆಲಸ. ಎಂಥ ಬಿಸಿಲಿದ್ದರೂ ಟೈ ಬಿಚ್ಚದ ಆಸಾಮಿ.

"ಇದೇನ್ರೀ ಇದು ಥೇನ್?"

"ಹಕ್ಕಿ. ಶುಕ್ರವಾರಾನೇ ಹೇಳಿದ್ನಲ್ಲ ಸಾರ್, ಹಬ್ಬದ ದಿನ ಒಂದು ಹಕ್ಕಿ ಹೊರಗೆ ತಗೊಂಡ್ ಹೋಗ್ತೀನಿ ಅಂತ."

"ನಾನು ಪಂಜರದ್ದು ಅಂದ್ಕೊಂಡೆ ಕಣ್ರೀ! ಗಿಳಿಯೋ ಏನೋ ಅಂತ!"

ಒಪ್ಪಂದದಲ್ಲಿ ಗೊತ್ತು ಮಾಡಿದ ಉದ್ದಕ್ಕಿಂತ ದೊಡ್ಡದಾದ ಏನೇ ಗೇಟು ದಾಟಿದರೂ ರಷ್ಯಾದವರು ಅಳೆಯಬಹುದು, ತೆರೆದು ನೋಡಬಹುದು. ಅವರಿಗೆ ಮೊದಲೇ ತಿಳಿಸಿದ್ದರೆ ತೊಂದರೆಯೇ ಇರಲಿಲ್ಲ. ಆದರೆ ನಮ್ಮೂರಲ್ಲಿ ಮೆರವಣಿಗೆಯ ಹಕ್ಕಿಯನ್ನು ಯಾರಾದರೂ ಆಯುಧದ ಲೆಕ್ಕಕ್ಕೆ ಹಿಡಿಯುತ್ತಾರೆಯೇ? "ಅಳೀಲಿ ಬಿಡಿ, ಒಂದು ನಿಮಿಷದ ಕೆಲಸ," ಎಂದ ಥೇನ್. ಗ್ರುಜ್ದೇವ್ ಟೊಪ್ಪಿ ಸರಿಮಾಡಿಕೊಂಡು ತನ್ನ ಕಾವಲುಗೂಡಿನಿಂದ ಇಳಿದು ಬಂದ. ವಾಡಿಮ್ ಅಳತೆಕೋಲು ಹಿಡಿದು ಹಕ್ಕಿಯ ಹೊಟ್ಟೆಯ ಉದ್ದ ಅಳೆದ. ಪಟ್ಟಿ ಸುತ್ತಿ ಸುತ್ತಳತೆ ನೋಡಿದ. ಅಳೆದದ್ದನ್ನು ಹೇಳಿದ ಕೂಡಲೇ ಗ್ರುಜ್ದೇವನ ಹುಬ್ಬುಗಳೆರಡೂ ಸೇರಿ ಒಂದೇ ಆದವು. ಮತ್ತೆ ಅಳೆ ಎಂದು ಸನ್ನೆ ಮಾಡಿದ. ಮತ್ತೆ ಅದೇ.

ಪ್ರೂಯಿಟ್ ಬಗ್ಗಿ ನೋಡಿದವನು ಸುಣ್ಣದ ಗೋಡೆಯಂತಾದ. "ಥೇನ್," ಎಂದ, ಪಿಸುಗುಟ್ಟುತ್ತಾ, "ಉದ್ದ ಅದೇ. ದಪ್ಪಾನೂ ಅದೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಾಶ ಮಾಡ್ತೀವಿ ಅಂತ ಅಧ್ಯಕ್ಷರು ಸಹಿ ಹಾಕಿದ ಕ್ಷಿಪಣಿ ಇದು, ಕೊಕ್ಕು ಹಚ್ಕೊಂಡು ನಿಂತಿದೆ!"

ಥೇನ್ ಟ್ರಾಕ್ಟರಿನಿಂದ ಇಳಿದು ಬಂದು ಕೋಲು ನೋಡಿದ, ಹಕ್ಕಿ ನೋಡಿದ, ಕೊನೆಗೆ ತನ್ನ ಎರಡು ಕೈಗಳನ್ನು ನೋಡಿಕೊಂಡ.

"ನಾನು ಅಳೆದೇ ಇಲ್ಲ ಸಾರ್," ಎಂದ. "ಹಕ್ಕಿಗೆ ಯಾವ ಅಳತೆ ಅಂತ ಕಣ್ಣಂದಾಜಲ್ಲಿ ಹಲಗೆ ಕೊಯ್ದೆ, ಕೈ ಹೋದ ಹಾಗೆ ಬಗ್ಗಿಸಿದೆ. ಈ ಕೈಗೆ ಬೇರೆ ಅಳತೆ ಗೊತ್ತೇ ಇಲ್ವಲ್ಲ..."

"ಇದು ಹೊರಗೆ ಹೋದ್ರೆ ನಾಳೆ ಪೇಪರಲ್ಲಿ ಏನ್ ಬರತ್ತೆ ಗೊತ್ತಾ? ಅಮೆರಿಕ ಹಕ್ಕಿ ವೇಷ ಹಾಕಿ ಕ್ಷಿಪಣಿ ಸಾಗಿಸ್ತು ಅಂತ! ನಾನು ವಾಷಿಂಗ್ಟನ್ ಕೇಳ್ಬೇಕು. ಅವ್ರು ಮಾಸ್ಕೋನ ಕೇಳ್ಬೇಕು. ಅಲ್ಲಿವರೆಗೂ ಅಲ್ಲಾಡೋ ಹಾಗಿಲ್ಲ."

"ಎಷ್ಟು ಹೊತ್ತಾಗತ್ತೆ?" ನಾನು ಕೇಳಿದೆ.

"ಎಲ್ರೂ ಬೇಗ ಉತ್ತರ ಕೊಟ್ರೆ ಸಾಯಂಕಾಲ."

ಮೆರವಣಿಗೆ ಇನ್ನೇನು ಹೊರಡುವುದರಲ್ಲಿತ್ತು. ಮೇನ್ ಸ್ಟ್ರೀಟಿನ ಕಡೆಯಿಂದ ಶಾಲಾ ಬ್ಯಾಂಡಿನವರು ತುತ್ತೂರಿಗೆ ಶ್ರುತಿ ಕೂರಿಸುವುದು ಕೇಳುತ್ತಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತನ್ನು ಅಂದು ನಾನು ಕಣ್ಣಾರೆ ಕಂಡೆ. ಥೇನ್ ಟ್ರಾಕ್ಟರಿನ ಕೀಲಿ ತಿರುಗಿಸಿ ಆರಿಸಿದ.

"ಆಯ್ತು ಬಿಡೇ," ಎಂದ ನನಗೆ. "ವಾಪಸ್ ಶೆಡ್ಡಿಗೆ ಹಾಕ್ತೀನಿ. ಅಲ್ಲೇ ಇದ್ದು ಅಭ್ಯಾಸ ಅದಕ್ಕೆ."

ಆ ಕ್ಷಣ ವಾಷಿಂಗ್ಟನ್ನು, ಮಾಸ್ಕೋ ಎರಡೂ ನನ್ನ ಕೈಗೆ ಸಿಕ್ಕಿದ್ದರೆ ತಲೆಗೆ ತಲೆ ಡಿಕ್ಕಿ ಹೊಡೆಸಿಬಿಡುತ್ತಿದ್ದೆ.

ಆಗ ಹಕ್ಕಿಯ ಹೊಟ್ಟೆಯೊಳಗಿಂದ ದಬದಬ ಬಡಿಯುವ ಸದ್ದಾಯಿತು. ವಾಡಿಮ್ ಕೋಲು ಬಿಸಾಕಿ ಹಿಂದಕ್ಕೆ ಹಾರಿದ.

"ಒಳಭಾಗದಲ್ಲಿ ಏನೋ ಇದೆ!"

"ಏನೋ ಅಲ್ಲ," ಎಂದೆ. "ನಮ್ಮತ್ತೆ."

ಥೇನ್ ಬಾಗಿಲು ತೆರೆದ. ಬೆವರಿ ಕೆಂಪಾಗಿ, ಮಡಿಲಲ್ಲಿ ಮಿಠಾಯಿಯ ಚೀಲ ಇಟ್ಟುಕೊಂಡು, ಗದ್ದದಡಿ ಗಂಟು ಹಾಕುವ ಹಬ್ಬದ ನೀಲಿ ಬಾನೆಟ್ ಟೊಪ್ಪಿ ತೊಟ್ಟು ಅತ್ತೆ ಕೂತಿದ್ದಳು. ಕ್ಷಿಪಣಿಗೆ ಸಿಡಿತಲೆ ಬೇಕೇ ಬೇಕೆಂದರೆ ನಮ್ಮತ್ತೆಗಿಂತ ಬೇರೆ ಯಾರೂ ಬೇಡ. ಸಿಡುಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

"ಯಾಕೋ ನಿಲ್ಸಿದೀಯ? ಇಲ್ಲಿ ಬೇಯ್ತಾ ಇದೀನಿ!"

"ಅಮ್ಮ, ರಷ್ಯಾದವ್ರು ಒಳಗೆ ನೋಡ್ಬೇಕಂತೆ."

"ನೋಡ್ಲಿ, ತಲೆ ಬಾಚ್ಕೊಂಡೇ ಬಂದಿದೀನಿ," ಎಂದು ಗ್ರುಜ್ದೇವನನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ನೇನಾ ಕಮ್ಯುನಿಸ್ಟು? ಟೊಪ್ಪಿ ಚೆನ್ನಾಗಿದೆ. ಬಾರಪ್ಪ ಒಳಗೆ, ಮಿಠಾಯಿ ತಿನ್ನು."

ಗ್ರುಜ್ದೇವ್ ಟೊಪ್ಪಿ ತೆಗೆದ! ಬಗ್ಗಿ ಹೊಟ್ಟೆಯೊಳಗೆ ಹೊಕ್ಕ. ಒಳಗಿನ ಪಕ್ಕೆಗಳನ್ನು ಬೆರಳ ಗಂಟಿನಿಂದ ತಟ್ಟಿ ನೋಡುವುದು ಕೇಳಿಸಿತು. ಹಲಗೆಗೆ ಹಲಗೆ ಕೂಡುವ ಕಡೆ ಕೈ ಸವರಿದ, ಮತ್ತೆ ಸವರಿದ. ಆಮೇಲೆ ಒಳಗಿಂದ ಒಂದು ನಗು ಎದ್ದಿತು ನೋಡಿ! ಆ ಕೊಳವೆಯಲ್ಲಿ ಗುಂಯ್ಗುಟ್ಟಿ, ಕೊಕ್ಕಿನಿಂದ ಹೊರಗೆ ಬಂದು, ಹಕ್ಕಿಯೇ ನಕ್ಕಂತೆ ಕೇಳಿಸಿತು. ಹೊರಗೆ ಬಂದವನು ಕಣ್ಣೊರೆಸಿಕೊಳ್ಳುತ್ತಾ ಗಡಗಡ ಏನೇನೋ ಹೇಳಿದ. ವಾಡಿಮ್ ಗಂಟಲು ಸರಿಮಾಡಿಕೊಂಡ.

"ಗ್ರುಜ್ದೇವ್ ಮಹೋದಯರು ಹೇಳುತ್ತಿದ್ದಾರೆ: ತಾವೂ ಉರಾಲ್ ಪ್ರಾಂತದ ಕಾರ್ಖಾನೆಯೊಂದರಲ್ಲಿ ಇದೇ ವೃತ್ತಿಯನ್ನು ಮಾಡಿದವರು. ಹಳ್ಳಿಯಲ್ಲಿ ಅವರು ಸ್ವಹಸ್ತದಿಂದ ಒಂದು ಸ್ನಾನಗೃಹವನ್ನು ನಿರ್ಮಿಸಿದರು. ‘ಎಲ್ಲರ ಸ್ನಾನಗೃಹವೂ ಚೌಕವಾಗಿರುವಾಗ ನಮ್ಮದೇಕೆ ವೃತ್ತಾಕಾರವಾಗಿದೆ?’ ಎಂದು ಅವರ ಧರ್ಮಪತ್ನಿಯವರು ಪ್ರಶ್ನಿಸಿದರು. ಇವರು ಉತ್ತರಿಸಲಿಲ್ಲ. ಉತ್ತರವು ರಾಜ್ಯರಹಸ್ಯವಾಗಿತ್ತು."

ಥೇನ್ ಕಣ್ಣು ಮಿಟುಕಿಸಿದ. ತಿಂಗಳುಗಟ್ಟಲೆ ಆ ಮನುಷ್ಯನ ಮುಖ ನೋಡದವನು ಈಗ ನೆಟ್ಟಗೆ ನೋಡಿ ಕೇಳಿದ: "ಎಷ್ಟು ದಪ್ಪ ಇದೆ ಆ ಬಚ್ಚಲು?"

ವಾಡಿಮ್ ತಿಳಿಸುವ ಮೊದಲೇ ಗ್ರುಜ್ದೇವನಿಗೆ ಅರ್ಥವಾಯಿತು. ಎರಡೂ ಕೈ ಅಗಲಿಸಿ ತೋರಿಸಿದ. ಥೇನ್ ಒಂದು ಕಣ್ಣು ಮುಚ್ಚಿ ಆ ಕೈಗಳ ನಡುವಿನ ಗಾಳಿಯನ್ನು ಅಳೆದ.

"ಅಯ್ಯೋ, ನಿಮ್ಮ ಹಳೇ ಮಾಡೆಲ್ಲು!" ಎಂದು ಕೂಗಿದ.

ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಗಲು ತೊಡಗಿದರು. ಪ್ರೂಯಿಟ್ ಎರಡೂ ಕಿವಿ ಮುಚ್ಚಿಕೊಂಡ. "ನಾನು ಏನೂ ಕೇಳಿಸ್ಕೊಳ್ಳಲಿಲ್ಲ! ಏನೇನೂ ಕೇಳಿಸ್ಕೊಳ್ಳಲಿಲ್ಲ!"

"ಕೇಳಿಸ್ಕೊಂಡ್ರೆ ಏನೀಗ?" ಅತ್ತೆ ಒಳಗಿಂದ ಗದರಿದಳು. "ಬ್ಯಾಂಡ್ ಹೊರಟಾಯ್ತು! ನನ್ ಮಿಠಾಯಿ ಕರಗ್ತಾ ಇದೆ!"

ಪ್ರೂಯಿಟ್ ಕೈ ಇಳಿಸಿ ನಿಜವಾಗಿ ದುಃಖದಿಂದ ಹೇಳಿದ: "ಅಮ್ಮ, ನಂಗೂ ಹಕ್ಕಿ ಅಂತ ಗೊತ್ತು. ಆದ್ರೆ ಅಳತೆ ಒಂದೇ ಆದ್ರೆ ರಾಜಧಾನಿ ಕೇಳ್ದೆ ಹೊರಗೆ ಬಿಡೋ ಹಾಗಿಲ್ಲ. ನಾನು ಬಿಟ್ರೆ ನನ್ ಕೆಲಸ ಹೋಗತ್ತೆ, ಹೋಗ್ಲಿ, ಒಪ್ಪಂದಕ್ಕೇ ಕೆಟ್ಟ ಹೆಸರು."

ಗ್ರುಜ್ದೇವ್ ನಗು ನಿಲ್ಲಿಸಿ ಟೊಪ್ಪಿ ಹಾಕಿಕೊಂಡ. ಆ ಟೊಪ್ಪಿ ತಲೆಗೇರಿದರೆ ಅವನು ಮತ್ತೆ ಅಧಿಕಾರಿ. ವಾಡಿಮನಿಗೆ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದ.

"ಒಪ್ಪಂದದ ಪ್ರಕಾರ, ಪರೀಕ್ಷೆಯು ಮುಗಿಯುವವರೆಗೆ ವಸ್ತುವು ನಮ್ಮ ದೃಷ್ಟಿಯಿಂದ ಮರೆಯಾಗತಕ್ಕದ್ದಲ್ಲ," ಎಂದ ವಾಡಿಮ್. "ವಸ್ತುವು ನಿಂತೇ ಇರತಕ್ಕದ್ದೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಪರೀಕ್ಷೆಯು ಇನ್ನೂ ಮುಗಿದಿಲ್ಲ. ನಾವು ನಡೆಯುತ್ತಾ ಪರೀಕ್ಷಿಸಲು ಇಚ್ಛಿಸುತ್ತೇವೆ."

ಪ್ರೂಯಿಟ್ ಆಕಾಶ ನೋಡಿ ಯೋಚಿಸಿದ. "ಅಂದ್ರೆ... ಪರೀಕ್ಷೆ ನಡೀತಾ ಇರೋವರೆಗೂ ಅದು ಇನ್ನೂ ಗೇಟು ದಾಟೇ ಇಲ್ಲ."

"ನಿಸ್ಸಂಶಯವಾಗಿ."

"ಮೇನ್ ಸ್ಟ್ರೀಟಲ್ಲಿ ಹೋಗ್ತಾ ಇದ್ರೂ ಗೇಟಲ್ಲೇ ಇದೆ."

"ತತ್ವಶಃ."

ಪ್ರೂಯಿಟ್ ಟೈ ಬಿಗಿ ಮಾಡಿಕೊಂಡ. ಆಮೇಲೆ, ನಾನು ಸುಳ್ಳು ಹೇಳುವುದಿಲ್ಲ, ಆ ಟೈ ಬಿಚ್ಚಿ ಜೇಬಿಗೆ ತುರುಕಿದ. "ರೀ ಥೇನ್, ನೋಡ್ತಾ ನಿಂತಿದೀರಲ್ಲ! ಸ್ಟಾರ್ಟ್ ಮಾಡ್ರೀ!"

ಮೆರವಣಿಗೆಯ ಬಾಲ ಸಿಕ್ಕಿದ್ದು ಬ್ಯಾಂಕಿನ ಮೂಲೆಯಲ್ಲಿ. ಹಿಂದಿನ ಸಂಜೆಯೇ ಕುರ್ಚಿ ಹಾಕಿ ಜಾಗ ಹಿಡಿದಿದ್ದ ಊರ ಜನ, ಇನ್ನೇನು ಮುಗಿಯಿತು ಎಂದು ಮಡಿಸುತ್ತಿದ್ದ ಕುರ್ಚಿಗಳನ್ನು ಮತ್ತೆ ಬಿಡಿಸಿದರು. ಬರುತ್ತಿದ್ದದ್ದು ಎಂಥ ನೋಟ! ಮುಂದೆ ಟೈ ಇಲ್ಲದ ಪ್ರೂಯಿಟ್ ದಾರಿ ಬಿಡಿಸುತ್ತಾ. ಟ್ರಾಕ್ಟರಿನ ಮೇಲೆ ಥೇನ್, ಪಕ್ಕದಲ್ಲಿ ನಾನು. ಹಿಂದೆ ಬಿಸಿಲಿಗೆ ಬೆಳ್ಳಗೆ ಹೊಳೆಯುವ ಹಕ್ಕಿ, ಅದರ ಕೊಕ್ಕಿನಿಂದ ಸಿಡಿಯುವ ಮಿಠಾಯಿ. ಎಡಕ್ಕೆ ದನಗಾಹಿ ಟೊಪ್ಪಿಯ ಗ್ರುಜ್ದೇವ್ ಪ್ರತಿಯೊಂದು ಗರಿಯನ್ನೂ ಗಂಭೀರವಾಗಿ ಎಳೆದು ನೋಡುತ್ತಾ, ಬಲಕ್ಕೆ ವಾಡಿಮ್ ಬಾಲದ ಉದ್ದ ಅಳೆದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಅಳೆಯುತ್ತಾ. ಇದೂ ಪ್ರದರ್ಶನದ ಭಾಗವೇ ಎಂದುಕೊಂಡ ಜನ ಬಿದ್ದು ಬಿದ್ದು ನಕ್ಕು ಶಿಳ್ಳೆ ಹೊಡೆದರು. ಆಮೇಲೆ ಹಕ್ಕಿ ಹತ್ತಿರ ಬಂದಾಗ ನಗು ನಿಂತು ಚಪ್ಪಾಳೆ ಶುರುವಾಯಿತು. ಬ್ಯಾಂಕಿನಿಂದ ಗ್ರಂಥಾಲಯದವರೆಗೂ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ತಟ್ಟಿದರು. ಥೇನ್ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ನೇರ ನೋಡುತ್ತಿದ್ದ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಒರೆಸ್ಕೋ," ಎಂದೆ.

"ಕೈ ಬಿಟ್ರೆ ಗಾಡಿ ಸೊಟ್ಟಗೆ ಹೋಗತ್ತೆ," ಎಂದ. ನಾನೇ ಒರೆಸಿದೆ.

ಗ್ರಂಥಾಲಯದ ಮೆಟ್ಟಿಲ ಮುಂದೆ, ಬಹುಮಾನದ ತೀರ್ಪುಗಾರರ ಎದುರು ಗಾಡಿ ನಿಂತಿತು. ಗ್ರುಜ್ದೇವ್ ಕೈ ಚಾಚಿದಾಗ ಯಾರೋ ಮೈಕು ಕೊಟ್ಟರು. ಅವನು ಹೇಳಿದ್ದನ್ನು ವಾಡಿಮ್ ಒಂದೊಂದೇ ವಾಕ್ಯವಾಗಿ ಕೂಗಿದ:

"ಸೋವಿಯತ್ ಒಕ್ಕೂಟದ ಪರವಾಗಿ ನಾವು ಈ ವಸ್ತುವನ್ನು ಪರೀಕ್ಷಿಸಿದೆವು. ಪರೀಕ್ಷೆ ಮುಗಿಯಿತು. ಇದು ಹಕ್ಕಿ."

ಜನ ಹೋ ಎಂದರು. ಗ್ರುಜ್ದೇವ್ ಕೈ ಎತ್ತಿದ, ಇನ್ನೂ ಇದೆ ಎಂಬಂತೆ.

"ಇದನ್ನು ನಿರ್ಮಿಸಿದವರನ್ನು ನಾವು ಇಂದು ಮೊದಲ ಬಾರಿಗೆ ಭೇಟಿಯಾದೆವು. ಆದರೆ ಅವರ ಕೈಗಳನ್ನು ನಾವು ಬಹುಕಾಲದಿಂದ ಬಲ್ಲೆವು. ಆ ಕೈಗಳಿಗೆ ಹೆದರಿ ನಾವು ನಮ್ಮ ಕೈಗಳನ್ನು ಕಟ್ಟಿಕೊಂಡು ಕುಳಿತಿದ್ದೆವು. ಅವು ಎಷ್ಟು ಒಳ್ಳೆಯ ಕೈಗಳೆಂದು ಈ ಊರಿನಲ್ಲಿ ಯಾರಿಗಿಂತಲೂ ಚೆನ್ನಾಗಿ ನಮಗೆ ತಿಳಿದಿದೆ."

ಹಕ್ಕಿಯ ಹೊಟ್ಟೆಯ ಬಾಗಿಲು ಧಡಾರನೆ ತೆರೆಯಿತು. ಬಾನೆಟ್ ಸೊಟ್ಟಗಾದ ಅತ್ತೆ ತಲೆ ಹೊರಗೆ ಹಾಕಿದಳು.

"ಏಯ್ ಥೇನ್! ಏನಂತಾ ಇದಾನೆ ಇವ್ನು? ಬಾಯ್ಲರ್‌ಗೆ ಯಾರಾದ್ರೂ ಹೆದರ್ತಾರಾ?"

ಥೇನ್ ಟ್ರಾಕ್ಟರಿನಿಂದ ಇಳಿದ. ಊರ ಮುಂದೆ, ರಷ್ಯಾದವರ ಮುಂದೆ, ಶಾಲೆಯ ಹುಡುಗ ಮೇಷ್ಟ್ರ ಮುಂದೆ ನಿಂತ ಹಾಗೆ ನಿಂತ. "ಬಾಯ್ಲರ್ ಅಲ್ಲಮ್ಮ. ಯಾವತ್ತೂ ಬಾಯ್ಲರ್ ಇರ್ಲೇ ಇಲ್ಲ. ಕ್ಷಿಪಣಿ ಮಾಡ್ತಿದ್ದೆ."

ಅತ್ತೆ ಮಗನನ್ನು ನೋಡಿದಳು. ಗ್ರುಜ್ದೇವನ ಕಡೆ ತಿರುಗಿದಳು. "ನಿಜವಾಗ್ಲೂ ಹೆದರ್ಕೊಂಡಿದ್ಯೇನಪ್ಪ, ಇವ್ನಿಗೆ?"

"ಹೌದು ತಾಯಿ. ಬಹಳ," ಎಂದ ಗ್ರುಜ್ದೇವ್, ದುಭಾಷಿಯಿಲ್ಲದೆ, ತಾನೇ.

"ನೀನು, ಇವ್ನಿಗೆ?"

"ಹೂಂ ಅಮ್ಮ," ಎಂದ ಥೇನ್. "ತುಂಬಾ."

ಅವಳು ಚೀಲದ ತಳ ತಡಕಿ, ಕರಗಿ ಅಂಟಿಕೊಂಡ ಮಿಠಾಯಿ ಎರಡು ತೆಗೆದು ಇಬ್ಬರ ಅಂಗೈಗೂ ಒಂದೊಂದು ಒತ್ತಿದಳು. "ಹೆದರ್ಕೊಂಡಿದ್ದು ಸಾಕು. ತಿನ್ರೋ ಇಬ್ರೂ." ಆಮೇಲೆ ಮಗನ ಕೈ ಬಿಡದೆ ಎತ್ತಿ ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದಳು: "ಈ ಕೈ ನಂದು ಕಣ್ರೋ! ನಾನು ಹೆತ್ತಿದ್ದು!"

ಅಷ್ಟು ದೊಡ್ಡ ಚಪ್ಪಾಳೆ ಟಿಂಬ್ರೆಲ್ ಹಿಂದೆ ಕೇಳಿರಲಿಲ್ಲ. ಮೊದಲ ಬಹುಮಾನ ಎಂದಿನಂತೆ ಶಾಲಾ ಬ್ಯಾಂಡಿಗೆ ಹೋಯಿತು. ಅದು ಯಾರಿಗೆ ಬೇಕಿತ್ತು?

ಮುಂದಿನ ಭಾನುವಾರ ನಾವು ಚರ್ಚು ಮುಗಿಸಿ ಬಂದ ಮೇಲೆ ಗ್ರುಜ್ದೇವ್ ನಮ್ಮತ್ತೆಯ ಮನೆಗೆ ಊಟಕ್ಕೆ ಬಂದ, ಪ್ರೂಯಿಟನೂ ನಿಯಮದ ಪ್ರಕಾರ ಜೊತೆಗೆ. ಊಟವಾದ ಮೇಲೆ ಥೇನ್, ಗ್ರುಜ್ದೇವ್ ಇಬ್ಬರೂ ತೋಳು ಮಡಚಿಕೊಂಡು, ಇಷ್ಟು ವರ್ಷದ ಬಾಕಿ ತೀರಿಸುತ್ತೇವೆಂದು ನೆಲಮಾಳಿಗೆಗೆ ಇಳಿದು ಬಾಯ್ಲರ್ ಬಿಚ್ಚಿದರು. ಕುಟ್ಟಿದರು, ತಿರುಪಿದರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಗಂಟೆಗಟ್ಟಲೆ ವಾದ ಮಾಡಿದರು, ನಕ್ಕರು. ಮಸಿ ಬಳಿದುಕೊಂಡು ಮೇಲೆ ಬಂದಾಗ, ಅಲ್ಲಿಯವರೆಗೆ ಉಗುರುಬೆಚ್ಚಗಾದರೂ ಬರುತ್ತಿದ್ದ ನೀರು ಪೂರ್ತಿ ತಣ್ಣಗಾಗಿತ್ತು.

ಮರುದಿನ ಪ್ಲಂಬರ್ ಬಂದು ಸರಿಮಾಡಿ ಹೋದ. ಅವನು ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು ಹೇಳಿದಳಂತೆ: "ನನ್ ಮಗ ಬಾಯ್ಲರ್ ಮಾಡೋನಲ್ಲಪ್ಪ. ಅವ್ನು ಹಕ್ಕಿ ಮಾಡ್ತಾನೆ."